ತೂತಿಲ್ಲದ ಬಲೆ

ದರ್ಜಿಗೂ ಸಮುದ್ರಕ್ಕೂ ಆಗಿಬರುವುದಿಲ್ಲ ಎಂಬುದು ಆ ದಡದ ಮೀನುಗಳಿಗೂ ಗೊತ್ತಿದ್ದ ಸಂಗತಿ. ಮೀಸೆ ಇನ್ನೂ ಬಲಿಯದ ವಯಸ್ಸಿನಲ್ಲಿ, ದೋಣಿಗಳಿಗೆ ಹಾಯಿ ಹೊಲಿಯುವ ಕೆಲಸವಿದೆಯಂತೆ ಎಂದು ಯಾರೋ ಹೇಳಿದ್ದನ್ನು ನಂಬಿ, ಕತ್ತರಿಯನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಬಗಲಿಗೇರಿಸಿ ಅವನು ಲಾಂಚಿನಲ್ಲಿ ಈ ದ್ವೀಪಕ್ಕೆ ಬಂದಿದ್ದ. ಇಳಿಯುವಾಗ ಅವನನ್ನು ಇಬ್ಬರು ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಹಿಡಿದುಕೊಳ್ಳಬೇಕಾಯಿತು. ಬಂದವನು ಮತ್ತೆ ಹೋಗಲಿಲ್ಲ. ಹುಡುಗಿಯೊಬ್ಬಳ ಮೇಲೆ ಮನಸ್ಸಾಯಿತು, ಅದಕ್ಕೇ ಉಳಿದೆ ಎಂದು ಅವನು ಹೇಳುತ್ತಾನೆ. ಮತ್ತೆ ಲಾಂಚು ಹತ್ತುವ ಧೈರ್ಯವಿರಲಿಲ್ಲ, ಅದಕ್ಕೇ ಉಳಿದ ಎಂದು ಎದುರಂಗಡಿಯ ಕ್ಷೌರಿಕ ಹೇಳುತ್ತಾನೆ. ಎರಡೂ ನಿಜವಿದ್ದೀತು.

ಹುಡುಗಿಯ ತಂದೆ ದೋಣಿಕಾರ. ದರ್ಜಿ ಹೊಸ ಹಾಯಿ ಹೊಲಿದುಕೊಟ್ಟ ದಿನ ಆತ, "ಬಾರಯ್ಯ, ನೀನೇ ಹೊಲಿದದ್ದು, ನೀನೇ ಕೂತು ನೋಡು" ಎಂದು ಕರೆದ. ದರ್ಜಿ ಹತ್ತಿ ಕೂತ. ಕೂತವನು, ದೋಣಿಯ ಹಗ್ಗ ಇನ್ನೂ ಗೂಟದಲ್ಲೇ ಇರುವಾಗ, ಬೆಳಗಿನಿಂದ ತಿಂದದ್ದನ್ನೆಲ್ಲ ಹೊಸ ಹಾಯಿಯ ಮೇಲೆ ಕಕ್ಕಿಬಿಟ್ಟ. ಓಡುವ ದೋಣಿಯಲ್ಲಿ ಕಕ್ಕಿದವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಕಟ್ಟಿದ ದೋಣಿಯಲ್ಲಿ ಕಕ್ಕಿದವನು ಭೂಮಂಡಲದಲ್ಲಿ ಅವನೊಬ್ಬನೇ ಇರಬೇಕು. ಇಷ್ಟಾದ ಮೇಲೂ ದೋಣಿಕಾರ ಮಗಳನ್ನು ಅವನಿಗೇ ಕೊಟ್ಟ. ಯಾಕೆ ಕೊಟ್ಟ ಎಂಬುದು ದಡದ ಮೇಲೆ ಬಗೆಹರಿಯದೆ ಉಳಿದ ಪ್ರಶ್ನೆ. ದರ್ಜಿಗೂ ಗೊತ್ತಿರಲಿಲ್ಲ. ಮಾವನನ್ನೇ ಕೇಳಿಬಿಡೋಣವೆಂದರೆ, ಕೇಳಿದ ಮೇಲೆ ಅವರಿಗೆ 'ಅರೆ, ಹೌದಲ್ಲ' ಅನ್ನಿಸಿಬಿಟ್ಟರೆ ಎಂಬ ಅಂಜಿಕೆ. ಹಾಗೆ ಕೇಳದೆಯೇ ಕಾಲ ಕಳೆದು, ಮಾವ ತೀರಿಕೊಂಡ.

ದೋಣಿ ಮಾತ್ರ ಉಳಿಯಿತು. ಮಾವ ಕಡಲಿಗೆ ಹೋಗುವುದನ್ನು ಬಿಟ್ಟ ದಿನ ಅದನ್ನು ದಡದ ಮೇಲೆ ಕವುಚಿ, ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದ್ದ. ಆಮೇಲೆ ಅದು ದೋಣಿಯಾಗಿರಲಿಲ್ಲ, ಮನೆಯ ಇನ್ನೊಂದು ಕೋಣೆಯಾಗಿತ್ತು. ಅದರ ನೆರಳಿನಲ್ಲಿ ಕೂತು ಮಾವ ಕಥೆ ಹೇಳುತ್ತಿದ್ದ, ದರ್ಜಿ ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಹೂಂಗುಡುತ್ತಿದ್ದ. ಮಾವನ ನಂತರವೂ ಸಂಜೆಯಾದರೆ ಎಲ್ಲರೂ ಅಲ್ಲೇ. ಕ್ಷೌರಿಕ ಕೈ ತೊಳೆದುಕೊಂಡು ಬರುತ್ತಿದ್ದ. ದರ್ಜಿಯ ಭಾವಮೈದ ಮೀನು ಮಾರಿ ಬುಟ್ಟಿ ಕವುಚಿಕೊಂಡು ಅದರ ಮೇಲೆ ಕೂರುತ್ತಿದ್ದ. ದರ್ಜಿಯ ಹೆಂಡತಿ ಚಹಾದ ಕೆಟಲ್ ತರುತ್ತಿದ್ದಳು. ಬಿಸಿಲು ಇಳಿಯುವವರೆಗೂ ಊರಿನವರದ್ದೆಲ್ಲ ಮಾತಾಡಿ, ಮಾತಾಡುವುದಕ್ಕೆ ಯಾರೂ ಉಳಿಯದಿದ್ದರೆ ತಮ್ಮ ತಮ್ಮಲ್ಲೇ ಒಬ್ಬರನ್ನು ಹಿಡಿದುಕೊಳ್ಳುತ್ತಿದ್ದರು. ಆ ಒಬ್ಬರು ಸಾಮಾನ್ಯವಾಗಿ ದರ್ಜಿಯೇ.

ಹೀಗಿರುವಾಗ ರೆಸಾರ್ಟು ಬಂತು.

ಅಲ್ಲಿಯ ಬಿಸಿಲು, ಮರಳು, ಸದ್ದಿಲ್ಲದ ನೀರು ಇವೆಲ್ಲ ಮಾರಾಟಕ್ಕೆ ಬರುವ ಸಾಮಾನು ಎಂದು ಯಾರಿಗೂ ಹೊಳೆದಿರಲಿಲ್ಲ. "ಇಷ್ಟು ವರ್ಷ ಬಿಟ್ಟಿ ಕೂತಿದ್ದೀವಲ್ಲಯ್ಯಾ, ಬಾಕಿ ಕೇಳಿದ್ರೆ ಏನ್ಮಾಡೋದು?" ಎಂದು ಕ್ಷೌರಿಕ ನಿಜವಾಗಿಯೇ ಹೆದರಿದ. ಸಾಲಾಗಿ ಹುಲ್ಲುಮಾಡಿನ ಕೋಣೆಗಳೆದ್ದವು. ಹೊರಗಿನಿಂದ ಬಡವರ ಗುಡಿಸಲು, ಒಳಗೆ ಮೂರು ತರಹದ ನಲ್ಲಿ. ಹಿಂದೆ ಉದ್ದಕ್ಕೆ ಗೋಡೆ ಬಂತು. ಓಣಿಯಿಂದ ದಡಕ್ಕೆ ನೇರವಾಗಿ ಇಳಿಯುತ್ತಿದ್ದ ದಾರಿ ಆ ಗೋಡೆಗೆ ಹಣೆ ಚಚ್ಚಿಕೊಂಡು ನಿಂತಿತು. ಗೋಡೆಯಲ್ಲಿ ಒಬ್ಬರು ತೂರುವಷ್ಟು ಒಂದು ಗೇಟು ಬಿಟ್ಟರು. ಮನುಷ್ಯರು ತೂರಬಹುದು, ದೋಣಿ ತೂರುವಂತಿರಲಿಲ್ಲ. ದೋಣಿ ಆಚೆ ಉಳಿಯಿತು, ರೆಸಾರ್ಟಿನ ಎದೆಯ ಮೇಲೆ.

ಒಂದು ಸಂಜೆ ಮ್ಯಾನೇಜರು ಬಂದ. ಚಿಕ್ಕ ವಯಸ್ಸು, ಕಪ್ಪು ಕನ್ನಡಕ, ಬಿಳಿ ಬೂಟು. ಮರಳಿನಲ್ಲಿ ಬೂಟು ಹಾಕಿ ನಡೆಯುವವನನ್ನು ಆ ದಡ ಮೊದಲ ಸಲ ನೋಡುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಬೂಟು ಕಳಚಿ, ಮರಳು ಸುರಿದು, ಮತ್ತೆ ಹಾಕಿಕೊಂಡು ಬಂದ.

"ಇದು ಯಾರದು?"

"ನಮ್ಮ ಮಾವನವರದು," ಎಂದ ದರ್ಜಿ, ಎದ್ದು ನಿಂತು.

"ಅವರೆಲ್ಲಿ?"

ದರ್ಜಿ ಮೇಲೆ ನೋಡಿದ. ಮ್ಯಾನೇಜರೂ ಬಗ್ಗಿ ಮೇಲೆ ನೋಡಿದ. ಮೇಲೆ ದೋಣಿಯ ಒಳಮೈ ಇತ್ತು.

"ತೀರಿಕೊಂಡ್ರು."

"ಓ, ಸಾರಿ. ಹಾಗಾದ್ರೆ ನಾಳೆ ಇದನ್ನ ತೆಗೆಸಿಬಿಡ್ತೀವಿ. ಶನಿವಾರ ದಡದಲ್ಲಿ ದೊಡ್ಡ ಬೆಂಕಿ ಹಾಕಿ ಗೆಸ್ಟುಗಳಿಗೆ ಊಟ ಕೊಡೋ ಕಾರ್ಯಕ್ರಮ ಇದೆ. ಅಡುಗೆಮನೆಯವರು ಒಣಸೌದೆ ಬೇಕು ಅಂತಿದ್ರು."

ದರ್ಜಿಯ ಹೆಂಡತಿ ಚಹಾ ಬಗ್ಗಿಸುತ್ತಿದ್ದಳು. ಲೋಟ ತುಂಬಿ, ಚಹಾ ಮರಳಿಗೆ ಹರಿದು, ಕೆಟಲ್ ಖಾಲಿಯಾಗುವವರೆಗೂ ಬಗ್ಗಿಸುತ್ತಲೇ ಇದ್ದಳು. ಅದನ್ನು ದರ್ಜಿ ನೋಡಿದ. ನಾಲಿಗೆಗಂತೂ ಮೂಳೆಯಿಲ್ಲ.

"ಅದು ಹ್ಯಾಗಾಗುತ್ತೆ ಸಾರ್? ಇದು ಓಡೋ ದೋಣಿ. ರಿಪೇರಿಗೆ ಅಂತ ಕವುಚಿದ್ದೀವಿ, ಅಷ್ಟೆ."

"ಓಡಿಸೋರು ಯಾರು?"

"ನಾನೇ."

ಕ್ಷೌರಿಕನ ಬಾಯಲ್ಲಿದ್ದ ಚಹಾ ಮೂಗಿನಿಂದ ಬಂತು. ಭಾವಮೈದ ಬುಟ್ಟಿಯ ಮೇಲಿಂದ ಎದ್ದು, ಮತ್ತೆ ಕೂತ. ಮ್ಯಾನೇಜರು ಮೊದಲ ಸಲ ಕಪ್ಪು ಕನ್ನಡಕ ತೆಗೆದ. ಒಳಗೆ ಪಾಪದ ಎರಡು ಕಣ್ಣುಗಳಿದ್ದವು.

"ನೀವು ಕ್ಯಾಪ್ಟನ್ನಾ? ಮತ್ತೆ ಕುತ್ತಿಗೇಲಿ ಏನದು?"

ದರ್ಜಿ ಕುತ್ತಿಗೆ ಮುಟ್ಟಿ ನೋಡಿಕೊಂಡ. ಅಂಗಡಿಯಿಂದ ಬರುವಾಗ ಅಳತೆ ಟೇಪು ತೆಗೆಯುವುದನ್ನು ಮರೆತಿದ್ದ.

"ಇದಾ? ನೀರಿನ ಆಳ ಅಳೆಯೋದು."

ಮ್ಯಾನೇಜರು ಆನಂದದಿಂದ ದರ್ಜಿಯ ಎರಡೂ ಕೈ ಹಿಡಿದುಕೊಂಡ. "ದೇವರು ಕಳಿಸಿದ ಹಾಗೆ ಸಿಕ್ಕಿದ್ರಿ ಸಾರ್! ನಮ್ಮ ಮೇಲಿನವರು 'ಹಳೇ ಕಾಲ ಬೇಕು, ಹಳೇ ಕಾಲ ಬೇಕು' ಅಂತ ದಿನಾ ನನ್ನ ತಲೆ ತಿಂತಾರೆ. ಹಳೇ ಕಾಲ ನಾನು ಎಲ್ಲಿಂದ ತರಲಿ? ನಾನು ಹುಟ್ಟಿದ್ದೇ ಮೊನ್ನೆ! ದಿನಾ ಮಧ್ಯಾಹ್ನದ ಮೇಲೆ ನೀವು ಈ ದೋಣಿ ಹತ್ರ ಕೂತು ಬಲೆ ಸರಿಮಾಡ್ತಾ, ಗೆಸ್ಟುಗಳಿಗೆ ನಾಲ್ಕು ಕಥೆ ಹೇಳ್ಬೇಕು. ಕ್ಯಾಪ್ಟನ್ ಇರೋವರೆಗೂ ದೋಣಿ ಇರುತ್ತೆ."

"ಕ್ಯಾಪ್ಟನ್ ಇಲ್ಲಾಂದ್ರೆ?" ಎಂದಳು ಹೆಂಡತಿ.

"ಇಲ್ಲಾಂದ್ರೆ ಸೌದೆ ಅಮ್ಮ," ಎಂದು ಮ್ಯಾನೇಜರು ಬಲು ಮರ್ಯಾದೆಯಿಂದ ಹೇಳಿ, ಬೂಟಿನ ಮರಳು ಸುರಿದು ಹೊರಟುಹೋದ.

ಮನೆಗೆ ಬಂದ ಮೇಲೆ ಹೆಂಡತಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಂಡರೆ ಮಾತು ಲಂಬಿಸುತ್ತದೆ ಎಂದು ದರ್ಜಿಗೆ ಅನುಭವದಿಂದ ಗೊತ್ತಿತ್ತು.

"ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ಸುಮ್ನೆ ಹೇಳ್ತಾರಾ? ಕಟ್ಟಿದ ದೋಣೀಲಿ ಕಕ್ಕಿದೋರು ಕಣ್ರೀ ನೀವು! ಸ್ನಾನದ ನೀರು ಬಕೆಟ್ಟಲ್ಲಿ ಅಲ್ಲಾಡಿದ್ರೆ ಗೋಡೆ ಹಿಡ್ಕೊಳ್ಳೋರು!"

"ಅದು ಕವುಚಿದ ದೋಣಿ ಅಲ್ವೇನೇ? ಅಲ್ಲಾಡಲ್ಲ. ಬರೀ ಕೂರೋದು. ಕೂರೋದು ನನ್ನ ಕಸುಬೇ."

ಅವಳು ತಿರುಗಿ ನಡೆದಳು. ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಅಪ್ಪನ ಹಳೆಯ ಟೋಪಿಯನ್ನು ತಂದು ಬಾಗಿಲಿಗೆ ಬಡಿದು ಧೂಳು ಕೊಡವಿ, ಗಂಡನ ತಲೆಗೆ ಒತ್ತಿದಳು. ಅದು ಹುಬ್ಬಿನವರೆಗೂ ಇಳಿಯಿತು. "ಒಳಗೆ ಬಟ್ಟೆ ಮಡಿಸಿ ಇಟ್ಕೊಳ್ಳಿ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಕ್ಯಾಪ್ಟನ್ನನ ತಯಾರಿಗೆ ಓಣಿಯೇ ಟೊಂಕ ಕಟ್ಟಿ ನಿಂತಿತು. ದೋಣಿ ಸೌದೆಯಾದರೆ ಸಂಜೆ ಎಲ್ಲಿ ಕೂರುವುದು ಎಂಬ ಪ್ರಶ್ನೆ ಎಲ್ಲರಿಗೂ ಇತ್ತಲ್ಲ. ದರ್ಜಿ ತನಗೆ ತಾನೇ ಅಳತೆ ತೆಗೆದುಕೊಂಡು, ತನ್ನೊಡನೆ ತಾನೇ ಎರಡು ಸಲ ಜಗಳವಾಡಿ, ಹಿತ್ತಾಳೆ ಗುಂಡಿಗಳ ನೀಲಿ ಕೋಟು ಹೊಲಿದುಕೊಂಡ. ಕ್ಷೌರಿಕ ಗಡ್ಡ ಬಿಡಿಸಿ, ಅದಕ್ಕೆ ಉಪ್ಪುನೀರು ಹಚ್ಚಿ ಕೆದರಿ, ದೂರ ನಿಂತು ನೋಡಿ, "ಈಗ ಸ್ವಲ್ಪ ಸಮುದ್ರದಲ್ಲಿ ಬಿದ್ದೆದ್ದ ಹಾಗೆ ಕಾಣ್ತೀಯ. ಬಾಯಿ ತೆಗೀಬೇಡ, ಅಷ್ಟೆ" ಎಂದ. ಭಾವಮೈದ ಕೆಲಸಕ್ಕೆ ಬಾರದ ಹರಕು ಬಲೆಯೊಂದನ್ನು ತಂದುಕೊಟ್ಟ. "ಭಾವ, ಸುಮ್ನೆ ಕೈಯಾಡಿಸ್ತಾ ಇರಿ. ಏನೂ ಮಾಡಬೇಡಿ."

ಏನೂ ಮಾಡಬೇಡಿ ಎಂದರೆ ಕಸುಬುದಾರನ ಕೈ ಕೇಳುತ್ತದೆಯೆ?

ಮೊದಲ ದಿನವೇ ಗೆಸ್ಟುಗಳು ಮುತ್ತಿಕೊಂಡರು. ಬಿಸಿಲಿಗೆ ಸೀಗಡಿಯಂತೆ ಕೆಂಪಗಾದ ಗಂಡಸರು, ಮಂಚದಗಲದ ಟೋಪಿಯ ಹೆಂಗಸರು. ಸಮುದ್ರದ ಬಗ್ಗೆ ದರ್ಜಿಗೆ ಸ್ವಂತವಾಗಿ ಗೊತ್ತಿದ್ದದ್ದು ಒಂದೇ ಸಂಗತಿ, ಅದನ್ನು ಹೇಳುವಂತಿರಲಿಲ್ಲ. ಆಗ ಕೈ ತಾನಾಗಿ ಸೂಜಿಗೆ ಹೋಯಿತು. ಸೂಜಿ ಕೈಗೆ ಬಂದದ್ದೇ ಮಾವ ಹೇಳಿದ ಕಥೆಗಳು ಒಂದೊಂದಾಗಿ ಬಾಯಿಗೆ ಬಂದವು. ಮಾವ ಹೇಳುವಾಗಲೆಲ್ಲ ಅವನು ಹೊಲಿಯುತ್ತಿದ್ದನಲ್ಲ, ಕಥೆಗಳು ದಾರದ ಜೊತೆಗೇ ಸುತ್ತಿಕೊಂಡಿದ್ದವೋ ಏನೋ.

"ಬಿರುಗಾಳಿ ಅಂದ್ರೆ ಏನಂದ್ಕೊಂಡ್ರಿ? ಸಮುದ್ರದ ಅಂಚೇ ಬಿಚ್ಚಿಹೋಗಿತ್ತು! ಒಂದೊಂದು ಅಲೆ, ಅಗಲ ಪನ್ನದ ಬಟ್ಟೆಗೆ ನೆರಿಗೆ ಹಿಡಿದ ಹಾಗೆ! ಆಕಾಶಕ್ಕೆ ಅಸ್ತರೇ ಇಲ್ಲ! ಮಿಂಚು ಕತ್ತರಿ ಆಡಿಸಿದ ಹಾಗೆ ಚರಕ್ ಅಂತ ಈ ಕಡೆಯಿಂದ ಆ ಕಡೆ!"

"ಅದ್ಭುತ!" ಎಂದು ಕೆಂಪು ಗಂಡಸೊಬ್ಬ ನಿಟ್ಟುಸಿರುಬಿಟ್ಟ. "ನಿಮ್ಮ ದೋಣಿ ಅಳತೆ ಎಷ್ಟು ಕ್ಯಾಪ್ಟನ್?"

"ಎದೆ ಅಳತೆ ಹೇಳ್ಲೋ, ಸೊಂಟದ್ದು ಹೇಳ್ಲೋ?"

ಗೆಸ್ಟುಗಳು ಇದನ್ನು ಹಳೆಯ ನಾವಿಕರ ಪರಿಭಾಷೆ ಎಂದು ತಿಳಿದು ತಲೆದೂಗಿದರು. ಗಿಡಗಳ ಬೇಲಿಯ ಹಿಂದೆ ಬಗ್ಗಿ ಕೂತಿದ್ದ ಕ್ಷೌರಿಕ ಮಾತ್ರ ಬಾಯಿಗೆ ಟವೆಲು ತುರುಕಿಕೊಂಡ.

ಕಥೆ ಹೇಳುತ್ತ ಹೇಳುತ್ತ ದರ್ಜಿಯ ಸೂಜಿ ಓಡುತ್ತಲೇ ಇತ್ತು. ತೂತು ಕಂಡರೆ ಮುಚ್ಚುವುದು ಅವನ ಕುಲಧರ್ಮ. ಬಲೆಯ ತುಂಬ ತೂತುಗಳು! ಇಷ್ಟು ತೂತಿರುವ ಬಟ್ಟೆ ಅವನ ಕೈಗೆ ಹಿಂದೆಂದೂ ಬಂದಿರಲಿಲ್ಲ. ಒಂದು ತೂತಿಗೆ ಅಡ್ಡ ನಾಲ್ಕು ಎಳೆ, ಉದ್ದ ನಾಲ್ಕು ಎಳೆ, ಗಂಟು. ಮುಂದಿನದು. ವಾರ ಕಳೆಯುವುದರೊಳಗೆ ಮೂಲೆಯಿಂದ ಮೂಲೆಗೆ ಮುಚ್ಚಿಬಿಟ್ಟ. ಭಾವಮೈದ ನೋಡಿದ. ಎತ್ತಿ ಹಿಡಿದ. ಬಿಸಿಲಿಗೆ ಅಡ್ಡ ಹಿಡಿದ. ಒಂದು ಕಿರಣವೂ ಈಚೆ ಬರಲಿಲ್ಲ.

"ಭಾವ, ಇದರಲ್ಲಿ ಮೀನು ಹಿಡಿಯೋಕಾಗಲ್ಲ. ಮೀನಿಗೆ ಹೊದಿಸಿ ಮಲಗಿಸಬಹುದು."

"ಹೊಲಿಗೆ ಹ್ಯಾಗಿದೆ, ಅದು ಹೇಳು."

"ಹೊಲಿಗೆ..." ಭಾವಮೈದ ಎಳೆದು ನೋಡಿದ. "ಹೊಲಿಗೆ ಭರ್ಜರಿಯಾಗಿದೆ."

ದಿನ ಕಳೆದಂತೆ ಬೇಲಿಯ ಹಿಂದೆ ಜನ ಹೆಚ್ಚಾದರು. ಮೊದಮೊದಲು ನಗುವುದಕ್ಕೆ ಬಂದವರು ಆಮೇಲೆ ನಗುವುದನ್ನು ಮರೆತು ಕೇಳತೊಡಗಿದರು. ಅದು ಅವರವರ ಅಪ್ಪಂದಿರ ಕಾಲದ ಮಾತು. ದಡದಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತಿದ್ದ, ಹಾಯಿಗಳನ್ನು ಬಿಸಿಲಿಗೆ ಹರವಿ ಮಕ್ಕಳನ್ನು ಕಾವಲಿಗೆ ಕೂರಿಸುತ್ತಿದ್ದ ಕಾಲ. ಒಂದು ಮಧ್ಯಾಹ್ನ ದರ್ಜಿ ಮಂಜಿನ ಕಥೆ ತೆಗೆದ.

"ಕೈ ಚಾಚಿದ್ರೆ ಕೈ ಕಾಣಲ್ಲ, ಅಂಥ ಮಂಜು. ದಡ ಎಲ್ಲಿ, ಬಂಡೆ ಎಲ್ಲಿ, ಒಂದೂ ತಿಳೀದು. ಹುಟ್ಟು ಎತ್ತಿಟ್ಟು ಸುಮ್ನೆ ಕೂತುಬಿಟ್ಟೆ. ಆಗ ಕೇಳಿಸ್ತು ನೋಡಿ, ಟಣ್, ಟಣ್, ಟಣ್... ದಡದಲ್ಲಿ ಹುಡುಗಿ ಒಬ್ಬಳು ಡಬ್ಬ ಬಡೀತಾ ನಿಂತಿದ್ದಳು. ಆ ಸದ್ದು ಹಿಡ್ಕೊಂಡೇ ಬಂದೆ."

"ಡಬ್ಬ ಅಲ್ಲ, ತಟ್ಟೆ!"

ಎಲ್ಲರೂ ತಿರುಗಿದರು. ಬೇಲಿಯ ಈಚೆ ದರ್ಜಿಯ ಹೆಂಡತಿ ಕೆಟಲ್ ಹಿಡಿದು ನಿಂತಿದ್ದಳು. ತಾನು ಯಾವಾಗ ಈಚೆ ಬಂದೆ ಎಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

"ಊಟದ ತಟ್ಟೆ. ಸೌಟಲ್ಲಿ ಬಡೀತಿದ್ದೆ. ತಟ್ಟೆ ತಗ್ಗಿಹೋಯ್ತು ಅಂತ ಆಮೇಲೆ ಅಮ್ಮ ಬೈದಳು," ಎಂದು ಹೇಳಿ, ಇಷ್ಟು ಜನ ನೋಡುತ್ತಿರುವುದು ಕಂಡು ಕೆಟಲನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಆ ಹುಡುಗಿ ಇವರೇನಾ?" ಎಂದು ಅಗಲ ಟೋಪಿಯ ಹೆಂಗಸು ಎದೆಗೆ ಕೈ ಇಟ್ಟುಕೊಂಡಳು.

"ಇವಳೇ," ಎಂದ ದರ್ಜಿ. ಅದು ಸುಳ್ಳಲ್ಲವಲ್ಲ.

ಗೆಸ್ಟುಗಳು ಇದನ್ನು ಕ್ಯಾಪ್ಟನ್ನನ ಪ್ರೇಮಕಥೆ ಎಂದುಕೊಂಡು ಕಣ್ಣೊರೆಸಿಕೊಂಡರು. ಬೇಲಿಯ ಹಿಂದೆಯೂ ಯಾರೋ ಮೂಗು ಸೀಟಿದರು. ಅದು ಕ್ಷೌರಿಕನೇ ಅಂತೆ. ಮಾರನೆಯ ದಿನದಿಂದ ಹೆಂಡತಿ ಕೆಟಲ್ ಇಲ್ಲದೆಯೇ ಬಂದು ಕೂರತೊಡಗಿದಳು. "ಆವತ್ತು ಗಾಳಿ ಆ ಕಡೆಯಿಂದಲ್ಲ," "ನಾಯಿ ಹೆಣ್ಣು, ಗಂಡಲ್ಲ" ಎಂದು ನಡುವೆ ಬಾಯಿ ಹಾಕುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಅಷ್ಟು ಖುಷಿಯಲ್ಲಿ ತನ್ನನ್ನು ತಿದ್ದಿದ್ದನ್ನು ದರ್ಜಿ ಕಂಡಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಮ್ಯಾನೇಜರಿಗೆ ಮೇಲಿನವರಿದ್ದರು. ಮೇಲಿನವರಿಗೆ ಕಥೆ ಸಾಲದಾಯಿತು. ಒಂದು ಬೆಳಿಗ್ಗೆ ಗೇಟಿನಲ್ಲಿ ಬಣ್ಣದ ಫಲಕ ಎದ್ದಿತ್ತು: ಕ್ಯಾಪ್ಟನ್ ಜೊತೆ ಕಡಲ ಸವಾರಿ. ಪಕ್ಕದಲ್ಲಿ ಟೋಪಿ ಹಾಕಿದ ದರ್ಜಿಯ ಚಿತ್ರ. ಅಲೆಯ ಮೇಲೆ ಒಂದು ಕಾಲು, ದೋಣಿಯಲ್ಲಿ ಒಂದು ಕಾಲು.

ಫಲಕ ಕಂಡು ಬಂದರಿನ ಅಧಿಕಾರಿಗಳೊಬ್ಬರು ತಾವಾಗಿಯೇ ಬಂದರು. ದಪ್ಪ ಮೀಸೆ, ಇಸ್ತ್ರಿ ಮುರಿಯದ ಅಂಗಿ. ನಗುವುದನ್ನು ಯಾವ ಕಾಲದಲ್ಲೋ ಎಲ್ಲೋ ಇಟ್ಟು ಮರೆತವರು.

"ಜನರನ್ನ ಕೂರಿಸ್ಕೊಂಡು ಹೋಗೋದಾದ್ರೆ ಮೊದಲು ನನ್ನೆದುರಿಗೆ ಒಂದು ಸುತ್ತು ಹೋಗಿ ತೋರಿಸಬೇಕು. ಭಾನುವಾರ ಬೆಳಿಗ್ಗೆ ಬರ್ತೀನಿ. ಓಡಿಸೋರು ಯಾರು?"

ಮ್ಯಾನೇಜರು ಹೆಮ್ಮೆಯಿಂದ ದರ್ಜಿಯ ಕಡೆ ಕೈ ತೋರಿಸಿದ. ದರ್ಜಿ ಆಗಲೇ ದೋಣಿಯನ್ನು ಹಿಡಿದುಕೊಂಡು ನಿಂತಿದ್ದ. ನೆಲ ಅಲ್ಲಾಡಿದಂತೆ ಅನಿಸಿತ್ತು.

"ಸಾರ್, ಬಲಗೈ ಉಳುಕಿದೆ," ಎಂದ ಅಧಿಕಾರಿಗಳು ಹೋದ ಮೇಲೆ.

"ಅದೇ ಕೈಯಲ್ಲಿ ಹೊಲೀತಿದ್ದೀರಲ್ಲ ಕ್ಯಾಪ್ಟನ್?"

"ಹಾಗಲ್ಲ, ಈ ತಿಂಗಳು ಸಮುದ್ರಕ್ಕೆ ಒಳ್ಳೇದಲ್ಲ."

"ಸಮುದ್ರಕ್ಕೇನಾಗಿದೆ?" ಮ್ಯಾನೇಜರು ತಗ್ಗಿದ ದನಿಯಲ್ಲಿ, "ಸಾರ್, ದಯವಿಟ್ಟು ಕೈ ಬಿಡಬೇಡಿ. ಸವಾರಿ ಇಲ್ಲ ಅಂದ್ರೆ ದೋಣಿ ಯಾಕೆ ಅಂತಾರೆ ಮೇಲಿನವರು. ಸೋಮವಾರವೇ ಕೊಡಲಿ ತಗೊಂಡು ಬರ್ತಾರೆ. ನನ್ನ ಕೈಯಲ್ಲಿಲ್ಲ," ಎಂದ.

ಆ ದಿನ ದರ್ಜಿ ಅಂಗಡಿ ತೆಗೆಯಲಿಲ್ಲ. ಹೋಗಿ ನಿಜ ಹೇಳಿಬಿಡುವುದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೋಟು ಬಿಚ್ಚಿ ಮೊಳೆಗೆ ತಗುಲಿಸುತ್ತಿದ್ದಾಗ ಹೆಂಡತಿ ಅಡ್ಡ ನಿಂತಳು.

"ಎಲ್ಲಿಗೆ?"

"ಹೇಳಿಬಿಡ್ತೀನಿ ಕಣೇ. ನಾನು ದರ್ಜಿ ಅಂತ."

"ಹೇಳಿದ್ರೆ ದೋಣಿ ಉಳಿಯುತ್ತಾ?"

"ಇಲ್ಲ."

"ಹಾಗಾದ್ರೆ ಸುಮ್ನಿರಿ. ಹಾಕ್ಕೊಳ್ಳಿ ಕೋಟು. ಭಾನುವಾರ ಖಾಲಿ ಹೊಟ್ಟೇಲಿ ಹೋಗಿ, ಅಷ್ಟು ಮಾಡಿ ಸಾಕು."

ಹಾಗೆಂದವಳು ತಾನೇ ಮ್ಯಾನೇಜರ ಬಳಿಗೆ ಹೋದಳು. ದೋಣಿ ನೀರಿಗಿಳಿಯಬೇಕಾದರೆ ಮಗುಚಬೇಕು, ಬಿರುಕಿಗೆ ಮೆತ್ತಬೇಕು, ಎಣ್ಣೆ ಹಚ್ಚಬೇಕು, ಆಳು ಬೇಕು, ಹಗ್ಗ ಬೇಕು ಎಂದಳು. ಮ್ಯಾನೇಜರು ಎಲ್ಲ ಕೊಟ್ಟ. ಮಾರನೆಯ ದಿನ ರೆಸಾರ್ಟಿನ ಆಳುಗಳು ರೆಸಾರ್ಟಿನದೇ ಹಗ್ಗ ಕಟ್ಟಿ ದೋಣಿಯನ್ನು ಮಗುಚುತ್ತಿದ್ದರೆ, ಅವಳು ಸೊಂಟದ ಮೇಲೆ ಕೈಯಿಟ್ಟು, "ಆ ಪಕ್ಕ ಎತ್ತಿ, ಈ ಪಕ್ಕ ಬಿಡಿ, ತಲೆ ಉಪಯೋಗಿಸಿ, ಭುಜ ಅಲ್ಲ" ಎಂದು ಕೂಗುತ್ತಿದ್ದಳು. ಹಳೆಯ ಹಾಯಿ ತೆಗೆದು ನೋಡಿದರೆ ಇಲಿಗಳು ಅದರಲ್ಲಿ ತಲೆಮಾರುಗಟ್ಟಲೆ ಸಂಸಾರ ಮಾಡಿದ್ದವು. ಅವಳು ಒಂದು ಗಳಿಗೆ ಯೋಚಿಸಿ, ದರ್ಜಿಯ ಬಲೆಯನ್ನು ಎತ್ತಿಕೊಂಡು ಅಳೆದಳು.

"ಇದನ್ನೇ ಕಟ್ಟಿ."

"ಅಕ್ಕಾ, ಅದು ಬಲೆ!" ಎಂದ ಭಾವಮೈದ.

"ನಿಮ್ಮ ಭಾವನ ಕೈಗೆ ಬೀಳೋವರೆಗೂ ಬಲೆ ಆಗಿತ್ತು."

ಭಾನುವಾರ ದಡ ತುಂಬಿತ್ತು. ದೋಣಿ ಅಷ್ಟು ವರ್ಷಗಳ ಮೇಲೆ ನೀರು ಮುಟ್ಟಿ, ಕಿರ್ರೆಂದು ಮೈಮುರಿದು, ತೇಲಿತು. ಗೆಸ್ಟುಗಳು ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಹತ್ತಿ ನೆಟ್ಟಗೆ ಕೂತರು. ಮ್ಯಾನೇಜರು ಫೋಟೋಗೆಂದು ಬೂಟಿನ ಸಮೇತ ಹತ್ತಿದ. ದರ್ಜಿಯನ್ನು ಕ್ಷೌರಿಕ ಹಿಂದಿನಿಂದ ನೂಕಿ ಹತ್ತಿಸಿದ. ಹತ್ತಿದವನು ಗೂಟದ ಕಡೆ ನೋಡಿದ. ಹಗ್ಗ ಇನ್ನೂ ಕಟ್ಟಿಯೇ ಇತ್ತು.

"ಸರಿ, ಹೊರಡಿ," ಎಂದರು ಅಧಿಕಾರಿಗಳು.

ದರ್ಜಿ ಟೋಪಿ ತೆಗೆದ. ಎಲ್ಲರೂ ಅದನ್ನು ಸಮುದ್ರಕ್ಕೆ ಸಲ್ಲಿಸುವ ಗೌರವ ಎಂದುಕೊಂಡರು. ಅವನು ಟೋಪಿಯನ್ನು ಬಾಯಿಗೆ ಹಿಡಿದ. ಚರಿತ್ರೆ ಮರುಕಳಿಸಿತು.

ಅಧಿಕಾರಿಗಳ ಮೀಸೆ ಒಂದು ಕಡೆ ಮೇಲೇರಿತು. ದಡದ ಮೇಲೆ ಚಪ್ಪಾಳೆ ನಿಂತಿತು. ಅಷ್ಟರಲ್ಲಿ ನೀರಿನಲ್ಲಿ ಚಳಚಳ ಸದ್ದಾಗಿ, ದರ್ಜಿಯ ಹೆಂಡತಿ ಬಟ್ಟೆ ಎತ್ತಿ ಸೊಂಟಕ್ಕೆ ಬಿಗಿದು, ದೋಣಿಯ ಅಂಚು ಹಿಡಿದು ಒಂದೇ ನೆಗೆತಕ್ಕೆ ಒಳಗೆ ಬಂದಳು. ಗಂಡನನ್ನು ಮೂಟೆಯಂತೆ ಪಕ್ಕಕ್ಕೆ ಸರಿಸಿ, ಹಗ್ಗ ಬಿಚ್ಚಿ ಎಸೆದು, ಚುಕ್ಕಾಣಿ ಹಿಡಿದಳು. ಹಾಯಿ ಮೇಲೇರಿತು. ಗಾಳಿ ಬಂದು ಅದನ್ನು ಮುಟ್ಟಿ ನೋಡಿತು. ತೂರಿಹೋಗೋಣವೆಂದು ಒಂದಾದರೂ ತೂತು ಹುಡುಕಿರಬೇಕು, ದರ್ಜಿ ಬಿಟ್ಟಿದ್ದರೆ ತಾನೆ? ಹಾಯಿ ಉಬ್ಬಿತು. ದೋಣಿ ಓಡಿತು.

"ಇವರು ಯಾರು?" ಎಂದರು ಅಧಿಕಾರಿಗಳು.

"ನನ್ನ... ಹೆಂಡತಿ," ಎಂದಿತು ಟೋಪಿಯೊಳಗಿನ ದನಿ.

"ಮತ್ತೆ ಕ್ಯಾಪ್ಟನ್ ಯಾರು?"

ದರ್ಜಿ ತಲೆ ಎತ್ತಲಿಲ್ಲ. ಕೈ ಎತ್ತಿ ಅವಳ ಕಡೆ ತೋರಿಸಿದ. ಮ್ಯಾನೇಜರು ಏನೋ ಹೇಳಲು ಬಾಯಿ ತೆಗೆದವನು, ತೆಗೆದ ಬಾಯಿಗೆ ಬೇರೆ ಕೆಲಸ ಬಂದು, ದರ್ಜಿಯ ಪಕ್ಕಕ್ಕೇ ಬಂದು ಬಗ್ಗಿದ. ಇಬ್ಬರೂ ಒಂದೇ ಟೋಪಿಯನ್ನು ಅತ್ತ ಇತ್ತ ಕೊಟ್ಟು ತೆಗೆದುಕೊಂಡರು. "ಸಾರ್, ನಾನು ಕಡಲೇ ಇಲ್ಲದ ಊರಿನವನು," ಎಂದ ಮ್ಯಾನೇಜರು. "ನಾನೂ ಅಷ್ಟೆ ಕಣಪ್ಪ," ಎಂದ ದರ್ಜಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಬಂತು.

ಒಂದು ಸುತ್ತು ಹೊಡೆದು ದಡಕ್ಕೆ ತಿರುಗಬೇಕಾಗಿದ್ದ ದೋಣಿ ತಿರುಗಲಿಲ್ಲ. ದಡದ ತುದಿಯ ಕರಿಬಂಡೆಯ ಮೂಲೆ ದಾಟಿ ನೇರವಾಗಿ ಹೋಯಿತು. ಬಂಡೆಯ ಆಚೆ ಒಂದು ಪುಟ್ಟ ದಡ. ಬರೀ ಕಲ್ಲು, ಮರಳು ಕಡಿಮೆ, ಅದಕ್ಕೇ ಯಾರೂ ಕೊಂಡಿರಲಿಲ್ಲ. ಅಲ್ಲಿಂದ ಮೇಲೆ ಹತ್ತಿದರೆ ದರ್ಜಿಯ ಓಣಿಯ ಹಿಂಬದಿ. ಬಂಡೆಯ ಮೇಲಿನ ಕಾಲುದಾರಿಯಿಂದ ಓಡಿಬಂದ ಭಾವಮೈದ, ಕ್ಷೌರಿಕ, ಅರ್ಧ ಓಣಿ, ಮೊಣಕಾಲುದ್ದದ ನೀರಿನಲ್ಲಿ ಹಗ್ಗ ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ಇಡೀ ಓಣಿಗೆ ಗೊತ್ತಿದ್ದದ್ದು ತನಗೊಬ್ಬನಿಗೇ ಗೊತ್ತಿರಲಿಲ್ಲ ಎಂದು ದರ್ಜಿಗೆ ಆಗ ಗೊತ್ತಾಯಿತು.

"ಅಮ್ಮ, ದೋಣಿ ವಾಪಸ್ಸು..." ಎಂದ ಮ್ಯಾನೇಜರು ಕ್ಷೀಣವಾಗಿ.

"ದೋಣಿ ನಿಮ್ಮದಾ?"

ಮ್ಯಾನೇಜರು ಅಧಿಕಾರಿಗಳ ಮುಖ ನೋಡಿದ. ಅಧಿಕಾರಿಗಳು ಅಂಗಿಯ ಮೇಲಿನ ಹನಿ ಒರೆಸಿಕೊಂಡು, ನಗುವನ್ನು ಎಲ್ಲಿಟ್ಟಿದ್ದೆ ಎಂದು ನೆನಪಾದವರಂತೆ, "ಈ ತಾಯಿಗೆ ಓಡಿಸೋಕೆ ಬರುತ್ತೆ. ದೋಣಿ ಅವರಪ್ಪಂದು. ಎಲ್ಲಿ ಬೇಕಾದ್ರೂ ನಿಲ್ಲಿಸ್ಕೊಳ್ಳಲಿ. ಆದರೆ ಈ ಮನುಷ್ಯನ್ನ ಮಾತ್ರ ಇನ್ನೊಂದು ಸಲ ಹತ್ತಿಸಬೇಡಿ," ಎಂದರು.

"ನನಗೆ ನೆಲ ಕೊಡಿ ಸಾರ್," ಎಂದ ಮ್ಯಾನೇಜರು. "ದೋಣಿ ಅವರೇ ಇಟ್ಕೊಳ್ಳಲಿ." ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕಲ್ಲಿನ ಮೇಲಿಳಿದ. ಆವತ್ತಿನಿಂದ ಅವನು ದಡದಲ್ಲಿ ಬೂಟು ಹಾಕಿದ್ದನ್ನು ಯಾರೂ ನೋಡಲಿಲ್ಲ.

ರೆಸಾರ್ಟಿನವರು ಹಳೆಯ ಜಾಗದಲ್ಲಿ ಸಿಮೆಂಟಿನ ಹೊಸ ದೋಣಿ ಮಾಡಿಸಿದರು. ಅದು ಎಂದೂ ಓಡುವುದಿಲ್ಲ, ಆದ್ದರಿಂದ ಯಾರೂ ಪರೀಕ್ಷೆ ಮಾಡುವುದಿಲ್ಲ. ಅದಕ್ಕೂ ಒಬ್ಬ ಕ್ಯಾಪ್ಟನ್ ಬೇಕಾಯಿತು. ನೀಲಿ ಕೋಟನ್ನು ಸೊಂಟದ ಹತ್ತಿರ ಬಿಡಿಸಿ ಕೊಟ್ಟರೆ ಕ್ಷೌರಿಕನಿಗೆ ಸರಿಹೋಗುತ್ತದೆ ಎಂದು ದರ್ಜಿಯೇ ಸಲಹೆ ಕೊಟ್ಟ. ಈಗ ಕ್ಷೌರಿಕ ಗೆಸ್ಟುಗಳಿಗೆ, ಸಮುದ್ರ ಸೋಪಿನ ನೊರೆಯ ಹಾಗೆ ಉಕ್ಕಿ ಬಂದ ಕಥೆ ಹೇಳುತ್ತಾನೆ.

ದೋಣಿ ಓಣಿಯ ಹಿಂಬದಿಯ ಕಲ್ಲುದಡದಲ್ಲಿ ಮತ್ತೆ ಕವುಚಿಕೊಂಡಿತು. ಅಲ್ಲಿ ಕೂರುವುದು ಅಷ್ಟು ಸುಖವಲ್ಲ, ಕಲ್ಲು ಚುಚ್ಚುತ್ತದೆ. ಬಿಸಿಲು ಬೇಗ ಬಂಡೆಯ ಹಿಂದೆ ಹೋಗುತ್ತದೆ. ಹಳೆಯ ಜಾಗ ಹಳೆಯ ಜಾಗವೇ ಎಂದು ಭಾವಮೈದ ದಿನಕ್ಕೊಮ್ಮೆ ಹೇಳುತ್ತಾನೆ, ಯಾರೂ ಇಲ್ಲವೆನ್ನುವುದಿಲ್ಲ. ಆದರೂ ಸಂಜೆಯಾದರೆ ಎಲ್ಲರೂ ಬರುತ್ತಾರೆ. ಕ್ಷೌರಿಕ ಕೋಟಿನಲ್ಲೇ ಬರುತ್ತಾನೆ.

ದೋಣಿ ಅಲ್ಲಿಗೆ ಬಂದ ಆ ಮೊದಲ ಸಂಜೆ, ಎಲ್ಲರೂ ಹೋದ ಮೇಲೆ, ದರ್ಜಿ ದೋಣಿಯ ಕೆಳಗೆ ಮಲಗಿಯೇ ಇದ್ದ. ನೆಲ ಇನ್ನೂ ತೂಗುತ್ತಿತ್ತು. ಹೆಂಡತಿ ನಿಂಬೆಹಣ್ಣು ಹಿಂಡಿದ ನೀರು ತಂದು ಪಕ್ಕದಲ್ಲಿ ಕೂತಳು.

"ನನಗೊಂದು ಮಾತು ಮೊದಲೇ ಹೇಳಬಾರದಿತ್ತೇನೇ?"

"ನಿಮಗೆ ಹೇಳಿದ್ರೆ ಗೆಸ್ಟುಗಳಿಗೆ ಕಥೆ ಆಗ್ತಿತ್ತು."

ದರ್ಜಿ ನೀರು ಕುಡಿದ. ದೋಣಿಯ ಒಳಮೈ ನೋಡುತ್ತ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು, ಹೊಟ್ಟೆಯಲ್ಲಿ ಬೇರೇನೂ ಉಳಿಯದ ಧೈರ್ಯದಿಂದಲೋ ಏನೋ, ಕೇಳಿಯೇಬಿಟ್ಟ.

"ಆವತ್ತು ಹೊಸ ಹಾಯಿ ಮೇಲೆ ಅಷ್ಟೆಲ್ಲ ಮಾಡಿದೆ. ಆದರೂ ನಿಮ್ಮಪ್ಪ ನಿನ್ನನ್ನ ನನಗ್ಯಾಕೆ ಕೊಟ್ಟ?"

"ಗೊತ್ತಿಲ್ವಾ ನಿಮಗೆ?" ಅವಳು ಆಶ್ಚರ್ಯದಿಂದ ನೋಡಿದಳು. "ಅಮ್ಮನೂ ಇದನ್ನೇ ಕೇಳಿದಳು. ಕಡಲಿಗೆ ಹೋಗೋರು ಈ ದಡದಲ್ಲಿ ಬೇಕಾದಷ್ಟಿದ್ದಾರೆ ಕಣೇ, ಅಂದ ಅಪ್ಪ. ನನ್ನ ಮಗಳು ಜೀವಮಾನವೆಲ್ಲ ಮಂಜಲ್ಲಿ ನಿಂತು ತಟ್ಟೆ ಬಡೀಬಾರದು. ಈ ಹುಡುಗ ಎಲ್ಲಿಗೂ ಹೋಗಲ್ಲ."

ಬಂಡೆಯ ಆಚೆಯಿಂದ ರೆಸಾರ್ಟಿನ ಸಂಗೀತ ಗಾಳಿ ಬಂದಾಗ ಕೇಳಿ, ಗಾಳಿ ನಿಂತಾಗ ನಿಲ್ಲುತ್ತಿತ್ತು.

"ಇವತ್ತು ಹೋದೆನಲ್ಲ," ಎಂದ ದರ್ಜಿ ಕೊನೆಗೆ, ಸ್ವಲ್ಪ ಜಂಬದಿಂದಲೇ.

"ಹೋದ್ರಿ," ಎಂದಳು ಅವಳು. "ಏಳಿ ಈಗ. ಅಪ್ಪನ ಟೋಪಿ ನೆನೆಹಾಕಿದ್ದೀನಿ. ಒಗೆಯೋದು ನೀವೇ."